ಅಂತರಾಗ್ನಿ – ದ ರಘು ದೀಕ್ಷಿತ್ ಪ್ರಾಜೆಕ್ಟ್

ಇದು ಗಾಯಕ ರಘು ದೀಕ್ಷಿತ್ ಅವರ ಚೊಚ್ಚಲ ಜನಪದ-ರಾಕ್ ಗೀತಸಂಪುಟ. ಧ್ವನಿಮುದ್ರಣ ಸಂಸ್ಥೆಗಳು ಹಲವು ವರ್ಷ ನಿರಾಕರಿಸಿದ್ದ ಈ ಹಾಡುಗಳನ್ನು ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್-ಶೇಖರ್ 2008ರಲ್ಲಿ ಹೊರತಂದರು. ಕನ್ನಡ, ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಶಿಶುನಾಳ ಶರೀಫರ (1819–1889) ಎರಡು ತತ್ತ್ವಪದಗಳಿವೆ.

ಬೆಳಗಾವಿ, ಖಾನಾಪುರ, ಧಾರವಾಡ ಸೀಮೆಗಳಲ್ಲಿ ಇಂಥ ಪದಗಳು ಭಜನಾ ಮೇಳಗಳ ಸೊತ್ತು. ಸಿ. ಅಶ್ವತ್ಥ್ ಅವರು 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಂಗೀತ ನೀಡಿ ಅವುಗಳನ್ನು ನಾಡಿನಾದ್ಯಂತ ಮನೆಮಾತಾಗಿಸಿದ್ದರು. ಕೇಳುಗರ ಕಿವಿಯಲ್ಲಿ ನೆಲೆನಿಂತಿದ್ದ ಆ ಧಾಟಿಯನ್ನು ಬಿಟ್ಟು ಹೊಸದನ್ನು ಕಟ್ಟುವುದು ಸಾಹಸವೇ ಸರಿ. ಇಲ್ಲಿ ಏಕತಾರಿಯ ಸ್ಥಾನಕ್ಕೆ ಗಿಟಾರ್, ಡ್ರಮ್‌ಗಳು ಬಂದಿವೆ. ಆದರೆ 'ಮಾಳಿಗಿ' ಎಂಬ ಉತ್ತರ ಕರ್ನಾಟಕದ ಆಡುನುಡಿಯನ್ನು ಗ್ರಾಂಥಿಕ ರೂಪಕ್ಕೆ ತಿದ್ದಿಲ್ಲ. 2010ರಲ್ಲಿ ಸಂಪುಟವು ಬ್ರಿಟನ್ನಿನಲ್ಲೂ ಬಿಡುಗಡೆಯಾಯಿತು.