ಶ್ವಾಸನಾಳ ಸೇರಿದ ಕಡಲೆಬೀಜ: ಕೆಮ್ಮು ನಿಂತರೂ ಅಪಾಯ ತಪ್ಪಿಲ್ಲ

ತಿನ್ನುವಾಗ ಮಗು ಒಮ್ಮೆಲೇ ಕೆಮ್ಮಿದರೆ ‘ನೆತ್ತಿಗೆ ಹತ್ತಿತು’ ಎನ್ನುವುದು ರೂಢಿ. ನೆತ್ತಿ ತಟ್ಟಿ, ಯಾರೋ ನೆನೆಸಿಕೊಂಡರೆಂದು ಸಮಾಧಾನ ಪಡುವುದೂ ಉಂಟು. ಬಹುತೇಕ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಆದರೆ ಆ ಹೊತ್ತಿನಲ್ಲಿ ಮಗುವಿನ ಬಾಯಲ್ಲಿ ಕಡಲೆಬೀಜವೋ ಹುಣಸೆಬೀಜವೋ ಇದ್ದಿದ್ದರೆ, ಕೆಮ್ಮು ತಾನಾಗಿ ನಿಂತ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ಇಂಥ ಅವಘಡಕ್ಕೆ ಹೆಚ್ಚಾಗಿ ಈಡಾಗುವವರು ಒಂದರಿಂದ ಮೂರು ವರ್ಷದ ಮಕ್ಕಳು. ಕಡಿಯಲು ಮುಂದಿನ ಹಲ್ಲುಗಳಿದ್ದರೂ ಅರೆಯುವ ದವಡೆಹಲ್ಲುಗಳು ಈ ವಯಸ್ಸಿನಲ್ಲಿ ಪೂರ್ಣ ಮೂಡಿರುವುದಿಲ್ಲ. ಬಾಯಲ್ಲಿ ತುತ್ತಿಟ್ಟುಕೊಂಡೇ ಓಡುವುದು, ನಗುವುದು, ಅಳುವುದು ನಡೆದೇ ಇರುತ್ತದೆ. ನಗುವಿನ ಅಥವಾ ಅಳುವಿನ ನಡುವೆ ಜೋರಾಗಿ ಉಸಿರೆಳೆದುಕೊಂಡಾಗ ಬೀಜ ಅನ್ನನಾಳದ ಬದಲು ಶ್ವಾಸನಾಳ ಸೇರುತ್ತದೆ. ಸೀತಾಫಲದ ಬೀಜ, ಅಡಿಕೆ ಚೂರು, ಆಟಿಕೆಯೊಳಗಿನ ಪೀಪಿ, ಪೆನ್ನಿನ ಮುಚ್ಚಳ ಇವೂ ವೈದ್ಯರಿಗೆ ಪರಿಚಿತವೇ.

ವಸ್ತು ದೊಡ್ಡದಾಗಿದ್ದು ಗಂಟಲಲ್ಲೇ ಸಿಕ್ಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಚಿಕ್ಕದಾಗಿದ್ದರೆ ಕೆಳಗಿಳಿದು ಶ್ವಾಸನಾಳದ ಯಾವುದಾದರೊಂದು ಕವಲಿನಲ್ಲಿ ಕೂರುತ್ತದೆ. ಎಡಗವಲಿಗಿಂತ ಅಗಲವೂ ನೇರವೂ ಆಗಿರುವ ಬಲಗವಲಿನಲ್ಲಿ ಅದು ಸಿಗುವುದು ಹೆಚ್ಚು. ಅಲ್ಲಿಂದಾಚೆಗೆ ಮೋಸದ ಘಟ್ಟ ಆರಂಭ. ಶ್ವಾಸಮಾರ್ಗದ ಒಳಪದರ ಆ ವಸ್ತುವಿಗೆ ಒಗ್ಗಿಕೊಂಡು ಕೆಮ್ಮು ನಿಲ್ಲುತ್ತದೆ, ಮಗು ಎಂದಿನಂತೆ ಆಡುತ್ತದೆ. ಈ ಮೌನ ಕೆಲವು ಗಂಟೆ ಇರಬಹುದು, ವಾರಗಟ್ಟಲೆಯೂ ಇರಬಹುದು. ಅಷ್ಟರಲ್ಲಿ ಬೀಜ ತೇವ ಹೀರಿ ಉಬ್ಬುತ್ತದೆ. ಕಡಲೆಬೀಜವಾದರೆ ಅದರ ಎಣ್ಣೆಯಂಶದಿಂದ ಸುತ್ತಲೂ ಉರಿಯೂತವಾಗುತ್ತದೆ. ಮತ್ತೆ ಕೆಮ್ಮು, ಗೊರಗೊರ ಸದ್ದು, ಜ್ವರ ಕಾಣಿಸಿಕೊಳ್ಳುವ ಹೊತ್ತಿಗೆ ಆ ಹಳೆಯ ಘಟನೆ ಮನೆಯವರಿಗೆ ಮರೆತೇ ಹೋಗಿರುತ್ತದೆ. ಆಸ್ತಮಾ ಎಂದೋ ನ್ಯುಮೋನಿಯಾ ಎಂದೋ ಚಿಕಿತ್ಸೆ ಸಾಗುತ್ತದೆ. ಒಂದೇ ಬದಿಯ ಉಬ್ಬಸ, ಅದೇ ಜಾಗದಲ್ಲಿ ಮರುಕಳಿಸುವ ನ್ಯುಮೋನಿಯಾ ಅನುಮಾನ ಹುಟ್ಟಿಸಬೇಕಾದ ಲಕ್ಷಣಗಳು.

ಎಕ್ಸ್-ರೇಯಲ್ಲಿ ನಾಣ್ಯ ಕಂಡೀತು, ಕಡಲೆಬೀಜ ಕಾಣದು. ಗಾಳಿ ಒಳಗೇ ಸಿಕ್ಕಿಕೊಂಡು ಶ್ವಾಸಕೋಶ ಉಬ್ಬಿರುವಂಥ ಪರೋಕ್ಷ ಸುಳಿವುಗಳಷ್ಟೇ ದೊರೆಯುತ್ತವೆ; ಎಷ್ಟೋ ಸಲ ಚಿತ್ರ ಸಹಜವಾಗಿಯೇ ಇರುತ್ತದೆ. ಆದ್ದರಿಂದ ‘ಕಡಲೆಕಾಯಿ ತಿನ್ನುವಾಗ ಇದ್ದಕ್ಕಿದ್ದಂತೆ ಕೆಮ್ಮಿತ್ತು’ ಎಂಬ ತಾಯಿಯ ಒಂದು ಮಾತಿಗೆ ಎಕ್ಸ್-ರೇಗಿಂತ ಹೆಚ್ಚಿನ ಬೆಲೆ. ವೈದ್ಯರು ಕೇಳದಿದ್ದರೂ ಅದನ್ನು ತಿಳಿಸಬೇಕು.

ಬೀಜವನ್ನು ಕರಗಿಸುವ ಔಷಧವಿಲ್ಲ. ಪೂರ್ಣ ಅರಿವಳಿಕೆ ನೀಡಿ, ಬ್ರಾಂಕೋಸ್ಕೋಪ್ ಎಂಬ ನಳಿಕೆಯನ್ನು ಬಾಯಿಯ ಮೂಲಕ ಇಳಿಸಿ, ಚಿಮುಟದಿಂದ ಹೊರತೆಗೆಯಬೇಕು. ಜರ್ಮನಿಯ ವೈದ್ಯ ಗುಸ್ಟಾವ್ ಕಿಲಿಯನ್ 1897ರಲ್ಲಿ ರೈತನೊಬ್ಬನ ಶ್ವಾಸನಾಳದಿಂದ ಮೂಳೆಯ ಚೂರನ್ನು ತೆಗೆದು ಈ ವಿಧಾನಕ್ಕೆ ನಾಂದಿ ಹಾಡಿದರು. ಅಮೆರಿಕದ ಷೆವಲಿಯರ್ ಜಾಕ್ಸನ್ ರೋಗಿಗಳಿಂದ ಹೊರತೆಗೆದ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳು ಫಿಲಡೆಲ್ಫಿಯಾದ ಮ್ಯೂಟರ್ ವಸ್ತುಸಂಗ್ರಹಾಲಯದಲ್ಲಿವೆ.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಿದರೆ ಅದು ಇನ್ನಷ್ಟು ಒಳಕ್ಕೆ ಸರಿದೀತು. ದನಿ ಹೊರಡದೆ, ಉಸಿರಾಡಲಾಗದೆ ಮೈ ನೀಲಿಗಟ್ಟುತ್ತಿದ್ದರೆ ಮಾತ್ರ ಕ್ಷಣವೂ ಕಾಯಬಾರದು. ವರ್ಷ ತುಂಬದ ಕೂಸನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಹೆಗಲಮೂಳೆಗಳ ನಡುವೆ 5 ಗುದ್ದು, ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ 5 ಒತ್ತು, ಹೊಟ್ಟೆ ಒತ್ತಲೇಬಾರದು. ದೊಡ್ಡ ಮಕ್ಕಳಿಗೆ ಬೆನ್ನಿನ ಗುದ್ದಿನ ನಂತರ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ 5 ಬಾರಿ ಅದುಮಬೇಕು. ಅದೇ ವೇಳೆಗೆ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ನಾಲ್ಕೈದು ವರ್ಷದವರೆಗೆ ಇಡಿ ಕಡಲೆಬೀಜ, ಗೋಡಂಬಿ ಕೊಡಬಾರದೆಂಬುದು ಮಕ್ಕಳ ತಜ್ಞರ ಸಲಹೆ. ಪುಡಿಯಾಗಿ, ಚಟ್ನಿಯಾಗಿ ಕೊಡಲು ಅಡ್ಡಿಯಿಲ್ಲ.