ಬೇಡ, ಬಾರದು, ಒಲ್ಲೆ

ಅಜ್ಜಿಯ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿ ಮಾಡದಲ್ಲಿರುತ್ತಿತ್ತು. ನಾನು ಕಾಲ್ಬೆರಳ ಮೇಲೆ ನಿಂತು ಕೈ ಚಾಚಿದರೆ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿ ತಿರುಗಿಯೂ ನೋಡದೆ ‘ಬ್ಯಾಡೋ’ ಅನ್ನುತ್ತಿದ್ದಳು. ಕೈ ಹಿಂದೆ ಬರುತ್ತಿತ್ತು, ಆ ಹೊತ್ತಿನ ಮಟ್ಟಿಗೆ. ರಾತ್ರಿ ಕಥೆ ಮುಗಿದ ಮೇಲೆ ಕೌದಿ ಹೊದಿಸುತ್ತ ಅದೇ ಅಜ್ಜಿ ಬೇರೆಯೇ ದನಿಯಲ್ಲಿ ‘ಕೇಳದ ತಗೋಬಾರ್ದಪಾ’ ಅನ್ನುತ್ತಿದ್ದಳು. ಅದು ಬೆಲ್ಲಕ್ಕೇ ನಿಲ್ಲುತ್ತಿರಲಿಲ್ಲ. ಪಕ್ಕದ ಹಿತ್ತಿಲ ಪೇರಲ, ಮಾಸ್ತರರ ಮೇಜಿನ ಸೀಮೆಸುಣ್ಣ, ಎಲ್ಲಕ್ಕೂ ಹಬ್ಬುತ್ತಿತ್ತು. ‘ಬೇಡ’ದಲ್ಲಿ ಅಜ್ಜಿ ಇದ್ದಳು. ‘ಬಾರದು’ ಅಜ್ಜಿಗಿಂತ ಹಳೆಯದು, ಅವಳೂ ಯಾರಿಂದಲೋ ಕೇಳಿಸಿಕೊಂಡದ್ದು.

ಈ ಎರಡು ಪದಗಳ ನಡುವಿನ ಅಂತರ ಎಷ್ಟು ದೊಡ್ಡದು ಅಂತ ನನಗೆ ಗೊತ್ತಾದದ್ದು ಬೈಬಲ್ಲಿನ ದಶಾಜ್ಞೆಗಳನ್ನು ಓದುವಾಗ. ನಮ್ಮ ಕಡೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಹಿಂದಿನಿಂದ ಓದಿಕೊಂಡು ಬಂದ ಕನ್ನಡ ಬೈಬಲ್ಲಿನಲ್ಲಿ ಕೊಲೆ, ವ್ಯಭಿಚಾರ, ಕಳವು, ಸುಳ್ಳುಸಾಕ್ಷಿ ಎಲ್ಲದಕ್ಕೂ ಬಾಲವಾಗಿ ಬರುವುದು ‘ಬಾರದು’. ದೇವರು ‘ಬೇಡ’ ಅನ್ನುವುದಿಲ್ಲ. ಅನುವಾದಕರು ಗಾಂಭೀರ್ಯಕ್ಕೆಂದು ಹಾಗೆ ಮಾಡಿದ್ದಾರೆ ಅಂದುಕೊಂಡಿದ್ದೆ. ಹೀಬ್ರೂ ವ್ಯಾಕರಣ ಬೇರೆ ಕಥೆ ಹೇಳುತ್ತದೆ. ಆ ಭಾಷೆಯಲ್ಲೂ ತಡೆಯುವುದಕ್ಕೆ ಎರಡು ದಾರಿಗಳಿವೆ. ‘ಅಲ್’ ಸೇರಿಸಿದರೆ ಈಗ, ಈ ಕೆಲಸ ಬೇಡ ಎಂದು. ಬೆಲ್ಲದ ಡಬ್ಬಿಯ ಹತ್ತಿರದ ಮಾತು. ‘ಲೋ’ ಸೇರಿಸಿದರೆ ಎಂದೆಂದಿಗೂ ಇಲ್ಲ ಎಂದು, ಕೌದಿಯೊಳಗಿನ ಮಾತು. ಹತ್ತರಲ್ಲಿ ಇರುವ ನಿಷೇಧಗಳೆಲ್ಲ ‘ಲೋ’ದವು. ಕೊಲೆ, ವ್ಯಭಿಚಾರ, ಕಳವುಗಳ ಸಾಲಂತೂ ಎರಡೆರಡೇ ಪದ, ಕಲ್ಲಿನ ಮೇಲೆ ಕೆತ್ತುವವನ ಕೈಗೆ ಅನುಕೂಲವಾಗುವ ಹಾಗೆ.

‘ಲೋ’ದ ಇನ್ನೊಂದು ಚಂದವೆಂದರೆ ಅದೇ ವಾಕ್ಯವನ್ನು ನೀನು ಕದಿಯುವುದಿಲ್ಲ ಎಂದೂ ಓದಬಹುದು. ನಿಷೇಧವೋ ಭವಿಷ್ಯವೋ ಎಂದು ವ್ಯಾಕರಣ ಬಿಡಿಸಿ ಹೇಳುವುದಿಲ್ಲ. ನಮ್ಮ ‘ಬಾರದು’ ಕೂಡ ಮೂಲದಲ್ಲಿ ನಿಷೇಧವಲ್ಲ, ‘ಬರು’ ಎಂಬ ಧಾತುವಿನ ‘ಇಲ್ಲ’ ಎನ್ನುವ ರೂಪ. ಈಜು ಬಾರದು, ಹಾಡು ಬಾರದು ಅಂದರೆ ಕಲಿತಿಲ್ಲ ಎಂದು. ಕದಿಯಬಾರದು ಎನ್ನುವುದನ್ನು ಒಂದು ಕ್ಷಣ ಬಿಡಿಸಿ ನೋಡಿ: ಕದಿಯುವುದು ಬಾರದು. ಆ ವಿದ್ಯೆ ನಿನಗೆ ಬರುವುದಿಲ್ಲ.

ಅಂದಹಾಗೆ ‘ದಶಾಜ್ಞೆ’ ಎಂಬ ಹೆಸರೂ ಮೂಲದ್ದಲ್ಲ. ಹೀಬ್ರೂವಿನಲ್ಲಿ ಅವು ಹತ್ತು ಮಾತುಗಳು, ಅಷ್ಟೇ. ಗ್ರೀಕರೂ ‘ದೆಕ ಲೋಗೊಯ್’ ಎಂದು ಮಾತನ್ನೇ ಉಳಿಸಿಕೊಂಡರು. ಎಣಿಕೆಯೂ ಒಂದೇ ತರಹ ಇಲ್ಲ. ಯೆಹೂದಿಗಳ ಲೆಕ್ಕದಲ್ಲಿ ಮೊದಲನೆಯ ಮಾತು ಯಾವ ಕೆಲಸವನ್ನೂ ವಿಧಿಸುವುದಿಲ್ಲ, ಈಜಿಪ್ಟಿನ ದಾಸ್ಯದಿಂದ ನಿಮ್ಮನ್ನು ಹೊರತಂದವನು ನಾನು ಎಂಬ ಪರಿಚಯ ಮಾತ್ರ. ಕ್ಯಾಥೊಲಿಕರು ಸಂತ ಅಗಸ್ಟೀನನ ಲೆಕ್ಕ ಹಿಡಿದು ವಿಗ್ರಹದ ಮಾತನ್ನು ಮೊದಲನೆಯದರೊಳಗೇ ಸೇರಿಸುತ್ತಾರೆ, ಕೊನೆಯ ದುರಾಶೆಯನ್ನು ಎರಡಾಗಿ ಒಡೆಯುತ್ತಾರೆ. ಹೀಗಾಗಿ ಒಬ್ಬರ ಏಳನೆಯದು ಇನ್ನೊಬ್ಬರ ಎಂಟನೆಯದು. ಬರೀ ಸಂಖ್ಯೆ ಹೇಳಿ ಪಾಪನಿವೇದನೆ ಮಾಡಿಕೊಳ್ಳುವವರು ಸ್ವಲ್ಪ ಹುಷಾರಾಗಿರಬೇಕು.

ಯೆಹೂದಿಗಳ ಧರ್ಮಗ್ರಂಥವಾದ ತೋರಾದಲ್ಲಿ ಒಟ್ಟು 613 ವಿಧಿಗಳು ಎಂಬುದು ರಬ್ಬಿಗಳ ಲೆಕ್ಕ: 248 ‘ಬೇಕು’, 365 ‘ಬೇಡ’. ವರ್ಷದ ದಿನಕ್ಕೊಂದು ಬೇಡ! ಒಂಟಿಕಾಲಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ ಇದನ್ನೆಲ್ಲ ಕಲಿಸಿಬಿಡು ಎಂದು ಬಂದವನಿಗೆ ಹಿಲೆಲ್ ಎಂಬ ಗುರು, ನಿನಗೆ ಅಸಹ್ಯವಾದದ್ದನ್ನು ಇನ್ನೊಬ್ಬನಿಗೆ ಮಾಡಬೇಡ, ಉಳಿದದ್ದು ಇದರ ವ್ಯಾಖ್ಯಾನ, ಹೋಗಿ ಕಲಿ ಎಂಬರ್ಥದ ಮಾತು ಹೇಳಿದ ಎಂದು ತಾಲ್ಮುದ್ ನೆನೆಯುತ್ತದೆ. ಯೇಸು ಅದನ್ನೇ ‘ಬೇಕು’ ಕಡೆಗೆ ತಿರುಗಿಸಿದ; ನಿನಗೆ ಏನಾಗಬೇಕೋ ಅದನ್ನು ಇನ್ನೊಬ್ಬನಿಗೆ ಮಾಡು ಎಂದ. ಹಿಲೆಲನ ಮಾತು ಪಾಲಿಸುವುದು ಸುಲಭ, ಮನೆಯಲ್ಲಿ ಮಲಗಿದರೂ ಆಗುತ್ತದೆ. ಯೇಸುವಿನದಕ್ಕೆ ಎದ್ದು ಹೊರಗೆ ಹೋಗಬೇಕು.

‘ಬೇಡ’ಕ್ಕೆ ತಿರುಗಿ ಬರುತ್ತೇನೆ, ಈ ಪದವನ್ನು ನಾನು ಹೆಚ್ಚು ಪ್ರೀತಿಸುತ್ತೇನೆ. ‘ಬೇಡು’ ಎಂದರೆ ಯಾಚಿಸು, ಪ್ರಾರ್ಥಿಸು. ನಿಘಂಟುಕಾರರು ಬೇಡು, ಬೇಕು, ಬೇಡ ಮೂರನ್ನೂ ಒಂದೇ ಬೇರಿಗೆ ಕಟ್ಟುತ್ತಾರೆ. ತಮಿಳಿನ ‘ವೇಂಡು’, ‘ವೇಂಡಾಂ’ ಪಕ್ಕಕ್ಕಿಟ್ಟರೆ ನಂಟು ಕಣ್ಣಿಗೇ ಕಾಣುತ್ತದೆ. ನಾವು ದೇವರಲ್ಲಿ ಬೇಡಿಕೊಳ್ಳುವುದೂ, ಅಜ್ಜಿ ನಮಗೆ ಬೇಡ ಅನ್ನುವುದೂ ಒಂದೇ ಮನೆಯ ಮಾತು. ಅರಬ್ಬಿಯಲ್ಲೂ ಇಂಥದೊಂದು ಇದೆ. ನಿಷಿದ್ಧ ಎನ್ನುವ ‘ಹರಾಮ್’ ಮತ್ತು ಮೆಕ್ಕಾದ ಪವಿತ್ರ ಆವರಣವಾದ ‘ಹರಮ್’ ಒಂದೇ ಧಾತುವಿನವು. ನಮ್ಮ ಸಂತೆಯಲ್ಲಿ ಮಾತ್ರ ಆ ಪದ ‘ಹರಾಮಖೋರ’ ಆಗಿ ಬೈಗುಳಕ್ಕಿಳಿಯಿತು.

ಬಸವಣ್ಣನವರು ಕಳವು, ಕೊಲೆ, ಸುಳ್ಳಿನಿಂದ ಶುರುಮಾಡಿ ಸಿಟ್ಟು, ಪರರ ಬಗೆಗಿನ ಅಸಹ್ಯ, ತನ್ನ ಹೊಗಳಿಕೆ, ಎದುರಿನವರ ನಿಂದೆಯವರೆಗೆ ಏಳು ಸಲ ತಡೆದ ವಚನ ಕನ್ನಡದ ಮಕ್ಕಳಿಗೆಲ್ಲ ಬಾಯಿಪಾಠ. ಅಲ್ಲಿ ಒಂದೇ ಒಂದು ‘ಬಾರದು’ ಇಲ್ಲ. ಏಳಕ್ಕೆ ಏಳೂ ‘ಬೇಡ’. ಬೆಟ್ಟದ ಮೇಲಿನ ಗುಡುಗಲ್ಲ, ಪಕ್ಕದಲ್ಲಿ ಕೂತವನು ತೋಳು ಹಿಡಿದು ಹೇಳಿದ ಹಾಗಿದೆ. ‘ಬೇಡ’ಕ್ಕೆ ಎದುರಿಗೊಬ್ಬರು ಇರಲೇಬೇಕು. ಅವರ ವಯಸ್ಸು, ಸಲಿಗೆ ನೋಡಿ ಅದು ಬೇಡ್ರಿ, ಬೇಡಿ, ಬ್ಯಾಡೋ, ಬ್ಯಾಡವ್ವ ಎಂದು ಬಾಗುತ್ತದೆ. ‘ಬಾರದು’ ಯಾರಿಗೂ ಬಾಗುವುದಿಲ್ಲ. ಅರಸನಿಗೂ ಆಳಿಗೂ ಒಂದೇ ರೂಪ, ಬಹುವಚನವೇ ಇಲ್ಲ. ಕಾಯಿದೆಗೆ ಇದಕ್ಕಿಂತ ಒಳ್ಳೆಯ ಕ್ರಿಯಾಪದ ಸಿಗಲಿಕ್ಕಿಲ್ಲ.

ಕಾಯಿದೆಯಾಗಿ ಅದು ಗೆಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನಮ್ಮೂರ ಬಸ್ ನಿಲ್ದಾಣದ ಹಿಂಗೋಡೆಯ ಮೇಲೆ ‘ಇಲ್ಲಿ ಮೂತ್ರ ಮಾಡಬಾರದು’ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಒದ್ದೆ ಆರಲಿಲ್ಲ. ಆಮೇಲೆ ದಂಡದ ಮೊತ್ತ ಸೇರಿಸಿದರು. ಕೊನೆಗೆ ಯಾರೋ ಗಣಪತಿ, ಶಿಲುಬೆ, ಮೆಕ್ಕಾದ ಚಿತ್ರಗಳಿರುವ ಮೂರು ಟೈಲ್ಸ್ ತಂದು ಸಾಲಾಗಿ ಅಂಟಿಸಿದರು. ಗೋಡೆ ಒಣಗಿತು, ಟೈಲ್ಸ್ ಇದ್ದ ಮೂರು ಮಾರು ಮಾತ್ರ.

ಮೂರನೆಯ ಪದವೊಂದಿದೆ, ಬೆಂಗಳೂರಿನ ಕಡೆ ಕೇಳುವುದು ಕಡಿಮೆ: ಒಲ್ಲೆ. ಇನ್ನೊಂದು ರೊಟ್ಟಿ ಹಾಕಲು ಬಂದರೆ ಆ ಕಡೆಯವರು ‘ಬೇಡ’ ಅನ್ನುತ್ತಾರೆ. ನಾವು ತಾಟಿನ ಮೇಲೆ ಅಂಗೈ ಅಡ್ಡ ಹಿಡಿದು ‘ಒಲ್ಲೆನ್ರಿ’ ಅನ್ನುತ್ತೇವೆ. ಇದರಲ್ಲಿ ನಾನು ಇದ್ದೇನೆ. ಬೌದ್ಧರ ಪಂಚಶೀಲ ಈ ಜಾತಿಯದು. ಪಾಲಿ ಭಾಷೆಯ ಆ ಐದು ಸಾಲುಗಳಲ್ಲಿ ಯಾರೂ ಯಾರಿಗೂ ಆಜ್ಞೆ ಮಾಡುವುದಿಲ್ಲ. ಹೇಳುವವನೇ ಕೊಲೆ, ಕಳವುಗಳಿಂದ ದೂರವಿರುವ ಶಿಕ್ಷಣವನ್ನು ತಾನಾಗಿ ಕೈಗೊಳ್ಳುತ್ತಾನೆ. ಜೈನರ ಅಣುವ್ರತಗಳೂ ಅಷ್ಟೇ, ಹೆಸರೇ ಹೇಳುವ ಹಾಗೆ ವ್ರತ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆಯ ಹೊತ್ತಿಗೆ ಅಂಬೇಡ್ಕರ್ ತಮ್ಮ ಜನರಿಂದ ಹೇಳಿಸಿದ 22 ಪ್ರತಿಜ್ಞೆಗಳು ‘ನಾನು’ ಎಂದೇ ಮಾತಾಡುತ್ತವೆ. ಶತಮಾನಗಳಿಂದ ಬರೀ ‘ಬಾರದು’ ಕೇಳಿಸಿಕೊಂಡವರು, ಕೆರೆ ಮುಟ್ಟಬಾರದು, ಗುಡಿ ಹೊಗಬಾರದು ಎಂದು ಕೇಳಿಸಿಕೊಂಡವರು, ಅವತ್ತು ಒಟ್ಟಿಗೆ ನಿಂತು ‘ಒಲ್ಲೆ’ ಅಂದರು.

ಚಿಕ್ಕಂದಿನಲ್ಲಿ ನಮ್ಮ ಎದುರುಮನೆಯಲ್ಲಿ ಕ್ರೈಸ್ತ ದಂಪತಿ ಇದ್ದರು. ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ದಶಾಜ್ಞೆ, ಅದರ ಕೆಳಗೆ ಹೊಲಿಗೆ ಯಂತ್ರ. ಒಮ್ಮೆ ಅವರ ಜೊತೆ ನಾನೂ ಬಸ್ಸಿನಲ್ಲಿ ಹೊರಟಿದ್ದೆ. ಅವರ ಮಗ ಗಿಡ್ಡ, ನೋಡಿದರೆ ಹತ್ತು ವರ್ಷದವನಂತೆ ಇದ್ದ. ಕಂಡಕ್ಟರ್ ಕೇಳುವ ಮೊದಲೇ ಅರ್ಧ ಟಿಕೆಟ್ ಹರಿಯುತ್ತಿದ್ದ. ‘ಹನ್ನೆರಡು ತುಂಬ್ಯಾವ್ರಿ, ಪೂರಾ ಕೊಡ್ರಿ’ ಅಂದರು ಆ ಕಾಕಾ. ಕಾಕು ಚೀಲದಿಂದ ಚಿಲ್ಲರೆ ಹುಡುಕಿ ಕೊಟ್ಟರು, ಕಿಟಕಿಯ ಕಡೆ ಮುಖ ಮಾಡಿದರು, ಸ್ವಲ್ಪ ಹೊತ್ತಿನ ಮೇಲೆ ನನಗೆ ಕೇಳುವಷ್ಟು ಗೊಣಗಿದರು: ‘ಈ ಮನಷ್ಯಾಗ ಒಂದ್ ಸುಳ್ಳ ಹೇಳಾಕ ಬರೂದಿಲ್ಲ ನೋಡು.’