ಕೈ ನಡುಕಕ್ಕೂ ಜೀವಕೋಶದ ‘ಪವರ್‌ಹೌಸ್‌’ಗೂ ಏನು ಸಂಬಂಧ? ಪಾರ್ಕಿನ್ಸನ್ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ಸುಮ್ಮನೆ ಕೂತಾಗ ಒಂದೇ ಕೈ ನಡುಗುವುದು, ನಡೆಯುವಾಗ ಆ ಕೈ ಬೀಸದಿರುವುದು, ಲೆಕ್ಕದ ಪುಸ್ತಕದಲ್ಲಿ ಅಕ್ಷರ ಬರಬರುತ್ತಾ ಸಣ್ಣದಾಗುವುದು. ಇಂಥದ್ದನ್ನು ಕಂಡರೆ ‘ವಯಸ್ಸಾಯ್ತು ಬಿಡಿ’ ಅಂತ ಸುಮ್ಮನಾಗುವವರೇ ಹೆಚ್ಚು. ಆದರೆ ಇವು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳೂ ಆಗಿರಬಹುದು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಇದರ ಬೇರು ಹುಡುಕುತ್ತಾ ಹೋದ ವಿಜ್ಞಾನಿಗಳು ಬಂದು ನಿಂತ ಮುಖ್ಯ ಜಾಗಗಳಲ್ಲಿ ಒಂದು, ಮೈಟೊಕಾಂಡ್ರಿಯ.

ಮೈಟೊಕಾಂಡ್ರಿಯ ಅಂದರೆ?

ಹೈಸ್ಕೂಲ್ ವಿಜ್ಞಾನದಲ್ಲಿ ‘ಜೀವಕೋಶದ ಪವರ್‌ಹೌಸ್’ ಅಂತ ಓದಿದ್ದು ನೆನಪಿರಬಹುದು. ನಾವು ತಿಂದ ಅನ್ನ, ಉಸಿರಾಡಿದ ಆಮ್ಲಜನಕ ಎರಡನ್ನೂ ಬಳಸಿ ಜೀವಕೋಶಕ್ಕೆ ಬೇಕಾದ ಶಕ್ತಿ ತಯಾರಿಸುವುದು ಇದೇ. ಮೆದುಳಿನ ತೂಕ ದೇಹದ ಶೇ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿದ್ದಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ 20 ಪಾಲು ಮೆದುಳಿಗೇ ಹೋಗುತ್ತೆ.

ನಡುಮೆದುಳಿನಲ್ಲಿ ‘ಸಬ್‌ಸ್ಟಾನ್ಷಿಯಾ ನೈಗ್ರಾ’ ಎಂಬ ಕಪ್ಪು ಬಣ್ಣದ ಸಣ್ಣ ಭಾಗವಿದೆ. ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ಇಲ್ಲಿನ ನರಕೋಶಗಳು ತಯಾರಿಸುತ್ತವೆ. ಒಂದೊಂದು ಕೋಶಕ್ಕೂ ಲಕ್ಷಗಟ್ಟಲೆ ಸಂಪರ್ಕಗಳು. ಹಗಲು ರಾತ್ರಿ ಬಿಡುವಿಲ್ಲದ ಕೆಲಸ. ಹಾಗಾಗಿ ಶಕ್ತಿ ಕಡಿಮೆಯಾದರೆ ಮೊದಲು ಪೆಟ್ಟು ಬೀಳುವ ಕೋಶಗಳಲ್ಲಿ ಇವೂ ಸೇರಿವೆ.

ಗೊತ್ತಾಗಿದ್ದು ಹೇಗೆ?

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವಸ್ತು ಚುಚ್ಚಿಕೊಂಡಿದ್ದ ಕೆಲವು ಯುವಕರು ದಿಢೀರನೆ ಮರಗಟ್ಟಿದಂತಾದರು. ನೋಡಿದರೆ ವಯಸ್ಸಾದವರ ಪಾರ್ಕಿನ್ಸನ್ ಥರವೇ ಇತ್ತು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಹೋದ್ಯೋಗಿಗಳು ಕಾರಣ ಹುಡುಕಿದರು. ಕಳ್ಳತನದಲ್ಲಿ ತಯಾರಾದ ಆ ಮಾಲಿನಲ್ಲಿ ಎಂಪಿಟಿಪಿ ಎಂಬ ರಾಸಾಯನಿಕ ಬೆರೆತಿತ್ತು. ಅದು ಮೆದುಳಿಗೆ ಹೋಗಿ ವಿಷವಾಗಿ ಬದಲಾಗಿ, ಡೋಪಮೈನ್ ಕೋಶಗಳೊಳಗೆ ಸೇರಿ, ಮೈಟೊಕಾಂಡ್ರಿಯದಲ್ಲಿ ಶಕ್ತಿ ತಯಾರಿಯ ಮೊದಲ ಯಂತ್ರವಾದ ‘ಕಾಂಪ್ಲೆಕ್ಸ್ 1’ ಅನ್ನೇ ತಡೆಯುತ್ತಿತ್ತು. ಮಾದಕ ವಸ್ತು ಮುಟ್ಟದ ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲೂ ಅದೇ ಕಾಂಪ್ಲೆಕ್ಸ್ 1 ದುರ್ಬಲವಾಗಿರುವುದು 1989ರಲ್ಲಿ ಕಂಡುಬಂತು.

ಕೊಳೆತ ಟೊಮ್ಯಾಟೊ ಲೆಕ್ಕ

ಟೊಮ್ಯಾಟೊ ಕ್ರೇಟಿನಲ್ಲಿ ಕೊಳೆತದ್ದನ್ನು ಆರಿಸಿ ಬಿಸಾಡದಿದ್ದರೆ ಉಳಿದದ್ದೂ ಹಾಳು ತಾನೇ? ಜೀವಕೋಶವೂ ಕೆಟ್ಟ ಮೈಟೊಕಾಂಡ್ರಿಯವನ್ನು ಹೀಗೇ ಆರಿಸಿ ತೆಗೆಯುತ್ತೆ. ‘ಪಿಂಕ್1’ ಎಂಬ ಪ್ರೋಟೀನ್ ಕೆಟ್ಟದ್ದಕ್ಕೆ ಗುರುತು ಹಾಕುತ್ತೆ, ‘ಪಾರ್ಕಿನ್’ ಅದನ್ನು ವಿಲೇವಾರಿಗೆ ಕಳಿಸುತ್ತೆ. ಇವುಗಳ ಜೀನ್ ಕೆಟ್ಟಿದ್ದರೆ ಚಿಕ್ಕ ವಯಸ್ಸಿಗೇ ಕಾಯಿಲೆ ಬರಬಹುದು. ಪಾರ್ಕಿನ್ ಜೀನ್ 1998ರಲ್ಲಿ, ಪಿಂಕ್1ರ ನಂಟು 2004ರಲ್ಲಿ ಪತ್ತೆಯಾಯಿತು. ಆದರೆ ಬಹುತೇಕ ರೋಗಿಗಳಲ್ಲಿ ಕಾಯಿಲೆ ವಂಶಪಾರಂಪರ್ಯವಲ್ಲ. ವಯಸ್ಸು, ಪರಿಸರ, ಕೋಶದಲ್ಲಿ ಗಂಟುಕಟ್ಟುವ ಪ್ರೋಟೀನ್ ಎಲ್ಲವೂ ಸೇರಿ ಬರುತ್ತೆ.

ಔಷಧಿ ಹೊಡೆಯುವವರು ಗಮನಿಸಿ

ರೋಟೆನೋನ್ ಎಂಬ ಕೀಟನಾಶಕವೂ ಕಾಂಪ್ಲೆಕ್ಸ್ 1 ಅನ್ನೇ ತಡೆಯುತ್ತೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಕೋಶಕ್ಕೆ ಬೇರೆ ದಾರಿಯಲ್ಲಿ ಹಾನಿ ಮಾಡುತ್ತೆ. ಇವೆರಡರಲ್ಲಿ ಒಂದನ್ನು ಬಳಸಿದ್ದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡುಬಂದಿದೆ ಎಂದು ಅಮೆರಿಕದಲ್ಲಿ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಹೊಡೆದವರಿಗೆಲ್ಲ ಬರುತ್ತೆ ಅಂತಲ್ಲ. ಆದರೂ ಬರಿಗೈಲಿ ಔಷಧಿ ಬೆರೆಸಬೇಡಿ, ಗಾಳಿಗೆ ಎದುರಾಗಿ ಹೊಡೆಯಬೇಡಿ, ಕೈಗವಸು ಮಾಸ್ಕ್ ಬಿಡಬೇಡಿ. ಗೊಬ್ಬರದ ಅಂಗಡಿಯವರು ಡಬ್ಬಿ ಕೊಡುವಾಗ ಇದನ್ನೂ ಒಂದು ಮಾತು ಹೇಳಿದರೆ ಒಳ್ಳೆಯದು.

ದುಬಾರಿ ಮಾತ್ರೆಗೆ ಮರುಳಾಗಬೇಡಿ

‘ಮೈಟೊಕಾಂಡ್ರಿಯಕ್ಕೆ ಶಕ್ತಿ’ ಅಂತ ಮಾರುವ ಕೋಎಂಜೈಮ್ ಕ್ಯೂ10 ಮತ್ತು ಕ್ರಿಯಾಟಿನ್ ಎರಡನ್ನೂ ಪಾರ್ಕಿನ್ಸನ್ ರೋಗಿಗಳ ಮೇಲೆ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಲಾಗಿದೆ. ಪ್ರಯೋಜನ ಕಾಣದೆ ಎರಡೂ ಪ್ರಯೋಗಗಳನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಸಾವಿರಾರು ರೂಪಾಯಿ ಸುರಿಯುವ ಮುನ್ನ ಇದು ನೆನಪಿರಲಿ.

ಹಾಗಾದರೆ ಏನು ಮಾಡಬೇಕು?

* ವಾಸನೆ ಗೊತ್ತಾಗದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಾಡಿ ಕೈಕಾಲು ಬಡಿಯುವುದು ನಡುಕಕ್ಕಿಂತ ವರ್ಷಗಳ ಮೊದಲೇ ಶುರುವಾಗಬಹುದು. ಇವು ಬೇರೆ ಕಾರಣಕ್ಕೂ ಬರುತ್ತವೆ, ಗಾಬರಿ ಬೇಡ.
* ಲೋಟ ಎತ್ತುವಾಗ ಮಾತ್ರ ನಡುಗಿದರೆ ಅದು ಬೇರೆ ತೊಂದರೆ ಇರಬಹುದು. ಕೆಲವು ವಾಂತಿ ಮಾತ್ರೆ, ಮಾನಸಿಕ ಕಾಯಿಲೆ ಮಾತ್ರೆಗಳಿಂದಲೂ ಇಂಥ ಲಕ್ಷಣ ಬರುತ್ತೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೆಲ್ಲ ವೈದ್ಯರಿಗೆ ತೋರಿಸಿ.
* ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಆದರೆ ಲೆವೊಡೋಪಾ ಮಾತ್ರೆಯಿಂದ ಬಹಳ ಜನ ವರ್ಷಗಟ್ಟಲೆ ತಮ್ಮ ಕೆಲಸ ತಾವೇ ಮಾಡಿಕೊಂಡು ಇರುತ್ತಾರೆ. ಮಾತ್ರೆಯನ್ನು ಏಕಾಏಕಿ ನಿಲ್ಲಿಸಬಾರದು, ಅಪಾಯ.
* ದಿನವೂ ನಡಿಗೆ, ವ್ಯಾಯಾಮ ಮಾಡಿದರೆ ಚಲನೆಗೂ ಸಮತೋಲನಕ್ಕೂ ಅನುಕೂಲ.

ಅನುಮಾನವಿದ್ದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ನರರೋಗ ತಜ್ಞರಿಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಚಿಕಿತ್ಸೆ ಇದೆ. ನಡುಕ ಕಾಣುವ ಹೊತ್ತಿಗೆ ಡೋಪಮೈನ್ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತೆ. ಹಾಗಾಗಿ ‘ಮುಂದಿನ ವರ್ಷ ನೋಡೋಣ’ ಅನ್ನುವುದು ಬೇಡ.